ನಂಬರ್ ಬದಲಿಸಿದೆ, ಅದೂ ಎರಡು ಸಲ

ಹನ್ನೊಂದು ವರ್ಷ ಇಟ್ಟುಕೊಂಡಿದ್ದ ಮೊಬೈಲ್ ನಂಬರ್ ಬಿಟ್ಟು ಹೊಸದಕ್ಕೆ ಪೂರ್ತಿಯಾಗಿ ಬಂದು ಸೇರಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಸಿಮ್ ಕೈಗೆ ಬರಲು ಹಿಡಿದದ್ದು ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಹಳೆ ನಂಬರು ಎಲ್ಲೆಲ್ಲಿ ಬೇರುಬಿಟ್ಟಿದೆ ಅಂತ ಹುಡುಕಿ ಕೀಳುವ ಕೆಲಸ. ಈ ದಾರಿ ಹಿಡಿಯಬೇಕು ಅಂದುಕೊಂಡಿರುವವರಿಗೆ ನಾನು ಎಡವಿದ ಜಾಗಗಳಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಶುರು ಮಾಡಿಕೊಂಡದ್ದು ನಾನೇ. ವಿಮೆಯ ಕಂತು ಎಷ್ಟಾಗುತ್ತದೋ ನೋಡೋಣ ಅಂತ ಒಂದು ರಾತ್ರಿ ಯಾವುದೋ ಜಾಲತಾಣದಲ್ಲಿ ನಂಬರ್ ಹಾಕಿದೆ. ಕೆಳಗೆ ಸಣ್ಣಕ್ಷರದಲ್ಲಿ ನಮ್ಮ ಪಾಲುದಾರರು ನಿಮ್ಮನ್ನು ಸಂಪರ್ಕಿಸಲು ಒಪ್ಪಿಗೆ ಇದೆ ಎಂದಿತ್ತು, ಪಕ್ಕದ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ನೋಡಲಿಲ್ಲ ಅಂತಲ್ಲ, ನೋಡಿಯೂ ಬಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಫೋನು. ಆ ಒಂದೇ ದಿನ ಹದಿನಾಲ್ಕು ಕರೆ ಬಂತು. ಪಾಲುದಾರರು ಎಷ್ಟು ಜನ ಇದ್ದರೋ, ಅವರ ಪಾಲುದಾರರು ಎಷ್ಟು ಜನವೋ. ಎರಡನೇ ವಾರಕ್ಕೆ ವಿಮೆ ಹಿಂದೆ ಬಿದ್ದು ಸಾಲ, ಕ್ರೆಡಿಟ್ ಕಾರ್ಡ್, ಷೇರು ಸಲಹೆ ಎಲ್ಲವೂ ಸಾಲುಗಟ್ಟಿ ನಿಂತವು.

ಬ್ಲಾಕ್ ಮಾಡುವುದರಲ್ಲಿ ನಾನೇನೂ ಹಿಂದೆ ಬೀಳಲಿಲ್ಲ. ಒಂದೇ ವಾರಕ್ಕೆ ಬ್ಲಾಕ್ ಪಟ್ಟಿ ಅರವತ್ತು ದಾಟಿತು. ಆದರೆ ಒಮ್ಮೆ ಬಂದ ನಂಬರಿನಿಂದ ಮತ್ತೆ ಕರೆ ಬರುವುದೇ ಅಪರೂಪ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ, ಇಲ್ಲಿ ಇಟ್ಟರೆ ಅಲ್ಲಿ ತೊಟ್ಟಿಕ್ಕುತ್ತದೆ. ಕೆಲವು ಕರೆಗಳಲ್ಲಿ ಮಾತೇ ಇರುತ್ತಿರಲಿಲ್ಲ. ಹಲೋ ಅಂದರೆ ಎರಡು ಮೂರು ಸೆಕೆಂಡ್ ನಿಶ್ಶಬ್ದ, ಆಮೇಲೆ ಕಟ್. ಯಾರೋ ನನ್ನನ್ನು ಕಾಯುತ್ತಿದ್ದಾರೆ ಅನ್ನಿಸಿ ರಾತ್ರಿ ಭಯವೂ ಆಯಿತು. ಹಿಂದೆ ಕಾಲ್ ಸೆಂಟರಿನಲ್ಲಿ ಕೆಲಸ ಮಾಡಿದ್ದ ನನ್ನ ತಮ್ಮ ಕೇಳಿ ನಕ್ಕ. "ಯಾರೂ ಕಾಯ್ತಿಲ್ಲ ಅಕ್ಕಾ. ಮಷೀನು ಒಟ್ಟಿಗೆ ತುಂಬಾ ನಂಬರಿಗೆ ಹಚ್ಚುತ್ತೆ, ಮಾತಾಡೋ ಜನ ಅದಕ್ಕಿಂತ ಕಡಿಮೆ ಇರ್ತಾರೆ. ನೀನು ಎತ್ತಿದಾಗ ಯಾರೂ ಖಾಲಿ ಇಲ್ದಿದ್ರೆ ಅದೇ ಕಟ್ ಮಾಡುತ್ತೆ. ಆದ್ರೆ ಈ ನಂಬರಲ್ಲಿ ಫೋನ್ ಎತ್ತೋರು ಇದ್ದಾರೆ ಅಂತ ಗುರುತು ಹಾಕ್ಕೊಂಡಿರುತ್ತೆ." ಅಂದರೆ ನಾನು ಪ್ರತಿ ಸಲ ಎತ್ತಿ ಬೈದಾಗಲೂ ನನ್ನ ನಂಬರಿನ ಬೆಲೆಯನ್ನು ನಾನೇ ಏರಿಸುತ್ತಿದ್ದೆ.

ಕರೆ ಬೇಡ ಅಂತ ನೋಂದಾಯಿಸುವ ಪಟ್ಟಿ ಹಲವು ದೇಶಗಳಲ್ಲಿದೆ. ಅಮೆರಿಕದಲ್ಲಿ 2003ರಲ್ಲೇ ಬಂತು, ಭಾರತದಲ್ಲಿ 2007ರಲ್ಲಿ. ನಾನೂ ನೋಂದಾಯಿಸಿದೆ, ಕಾಟ ಅರ್ಧಕ್ಕಿಳಿಯಿತು. ಆ ಪಟ್ಟಿಗೆ ಅಂಜುವವರು ನಿಯಮಕ್ಕೆ ಅಂಜುವವರು ಮಾತ್ರ, ಮೋಸ ಮಾಡಲೆಂದೇ ಕೂತವರಿಗೆ ಅದರ ಹಂಗಿಲ್ಲ. ಆದರೂ ನಂಬರ್ ಬದಲಿಸುವ ಮುಂಚೆ ಇದನ್ನು ಮಾಡಿ ಒಂದು ತಿಂಗಳು ನೋಡಿ, ಕೆಲವರಿಗೆ ಅಷ್ಟರಲ್ಲೇ ಮುಗಿಯಬಹುದು.

ಪರಿಚಯವಿಲ್ಲದ ನಂಬರಿನ ಕರೆಗಳು ಸದ್ದೇ ಮಾಡದಂತೆ ಇಡುವ ಸೆಟ್ಟಿಂಗ್ ಕೂಡ ಹಾಕಿ ನೋಡಿದೆ. ನಾಲ್ಕು ದಿನ ಸ್ವರ್ಗ. ಐದನೇ ದಿನ ನೋಡಿದರೆ ಅಮ್ಮನ ರಕ್ತಪರೀಕ್ಷೆ ಮಾಡಿದ್ದ ಲ್ಯಾಬಿನವರು ಮೂರು ಸಲ ಫೋನ್ ಮಾಡಿ ಸುಮ್ಮನಾಗಿದ್ದರು. ರಕ್ತ ಸಾಲದೆ ಇನ್ನೊಮ್ಮೆ ತೆಗೆಯಬೇಕಿತ್ತಂತೆ. ಸೆಟ್ಟಿಂಗ್ ತೆಗೆದು ಹಾಕಿದೆ.

ಇಷ್ಟಾದರೂ ನಂಬರ್ ಬಿಡುವ ಯೋಚನೆ ಬಂದಿರಲಿಲ್ಲ. ಬರುವಂತೆ ಮಾಡಿದ್ದು ಬೇರೆ ಒಂದು ಕರೆ. ಎತ್ತಿದೊಡನೆ ಆ ಕಡೆಯಿಂದ ಒಬ್ಬರು, "ಈಗ ಫೋನ್ ಮಾಡಿದ್ರಲ್ಲಾ, ಸಾಲ ಅಂತ. ಎಷ್ಟು ಸಲ ಹೇಳೋದು ನಿಮಗೆ?" ಅಂದರು. ನಾನು ಮಾಡಿಲ್ಲ ಅಂದೆ. "ನಿಮ್ಮ ನಂಬರೇ ಇದೆಯಲ್ಲಮ್ಮಾ ಇಲ್ಲಿ!" ಆ ವಾರ ಅಂಥವು ಒಂಬತ್ತು ಬಂದವು. ದನಿಯಲ್ಲೇ ವಯಸ್ಸಾದವರೆಂದು ತಿಳಿಯುತ್ತಿದ್ದ ಒಬ್ಬರು, "ಮನೆಯಲ್ಲಿ ನಿಮ್ಮಪ್ಪ ಅಮ್ಮನಿಗೂ ಹೀಗೇ ಸುಳ್ಳು ಹೇಳ್ತೀಯಾ?" ಅಂದು ಇಟ್ಟುಬಿಟ್ಟರು. ಅಷ್ಟು ದಿನ ನಾನು ಬೈಯುವ ಕಡೆ ಇದ್ದೆ, ಈಗ ಬೈಸಿಕೊಳ್ಳುವ ಕಡೆಗೂ ಬಂದೆ. ಆವತ್ತು ಅಳು ಬಂದದ್ದು ನಿಜ.

ನನ್ನ ಫೋನಿಗೆ ಯಾರೋ ಕನ್ನ ಹಾಕಿದ್ದಾರೆ ಅಂದುಕೊಂಡೆ. ಹಾಗೇನೂ ಆಗಿರಲಿಲ್ಲ. ಕರೆ ಬಂದಾಗ ನಮ್ಮ ಪರದೆಯ ಮೇಲೆ ಕಾಣುವ ನಂಬರು, ಆ ಕಡೆಯಿಂದ ಕರೆಯ ಜೊತೆ ಬರುವ ಒಂದು ವಿವರ ಅಷ್ಟೇ. ಇಂಟರ್ನೆಟ್ ಮೂಲಕ ಕರೆ ಕಳಿಸುವವರು ಅಲ್ಲಿ ಇನ್ನೊಬ್ಬರ ನಂಬರ್ ಬರೆದು ಕಳಿಸಬಹುದು. ಇದಕ್ಕೆ ಸ್ಪೂಫಿಂಗ್ ಅನ್ನುತ್ತಾರೆ. ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ಸಿಮ್ ಬದಲಿಸಿಯೂ ಪ್ರಯೋಜನವಿಲ್ಲ. ನಿಮಗೆ ಇರುವುದು ಇದೊಂದೇ ತೊಂದರೆಯಾದರೆ ನಂಬರ್ ಬಿಡಲು ಆತುರಪಡಬೇಡಿ. ಅವರು ಒಂದೇ ನಂಬರಿಗೆ ಅಂಟಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇನ್ನೊಂದಕ್ಕೆ ಹೋಗುತ್ತಾರೆ. ನನ್ನದು ಆರು ವಾರ ಕಳೆದರೂ ನಿಲ್ಲಲಿಲ್ಲ. ಸಾಕಪ್ಪಾ ಅನ್ನಿಸಿತು.

ಗುರುತಿನ ಚೀಟಿ, ವಿಳಾಸದ ದಾಖಲೆ, ಎರಡು ಫೋಟೊ ಹಿಡಿದು ಮೊಬೈಲ್ ಕಂಪನಿಯ ಮಳಿಗೆಗೆ ಹೋದೆ. ಕೌಂಟರಿನ ಹುಡುಗ ಕಥೆ ಪೂರ್ತಿ ಕೇಳುವ ಮೊದಲೇ, "ಮೇಡಂ, ಪೋರ್ಟ್ ಮಾಡಿಸ್ಕೊಂಡ್ಬಿಡಿ" ಅಂದ. ಈ ಗೊಂದಲ ನನಗೂ ಇತ್ತು. ಪೋರ್ಟ್ ಅಂದರೆ ಕಂಪನಿ ಬದಲಾಗುತ್ತದೆ, ನಂಬರು ಅದೇ ಇರುತ್ತದೆ. ಕಾಟ ಕೊಡುವವರಿಗೆ ನಿಮ್ಮ ಕಂಪನಿ ಯಾವುದಾದರೇನು! ಹಾಗಾದರೆ ಇದೇ ಸಂಪರ್ಕದಲ್ಲಿ ನಂಬರ್ ಮಾತ್ರ ಬದಲಿಸಬಹುದು, ಅರ್ಜಿಗೆ ಸಹಿ ಹಾಕಿ ಅಂದ. ಪೆನ್ನು ತೆಗೆದಿದ್ದೆ. ಪಕ್ಕದ ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ತಲೆ ಎತ್ತದೆಯೇ ಕೇಳಿದರು: "ಬ್ಯಾಂಕಲ್ಲಿ ಬದಲಿಸಿ ಆಯ್ತಾ?"

ಆಗಿರಲಿಲ್ಲ. ಸಹಿ ಹಾಕಿದ ಗಳಿಗೆಯಿಂದ ಹಳೆ ನಂಬರು ಸತ್ತಂತೆ. ಅದಕ್ಕೆ ಬರುವ ಓಟಿಪಿ ಆಮೇಲೆ ಯಾರಿಗೂ ಬರುವುದಿಲ್ಲ. ಬ್ಯಾಂಕು, ಇಮೇಲು ಎಲ್ಲವೂ ಹೊಸ ನಂಬರ್ ಸೇರಿಸುವ ಮುಂಚೆ ಹಳೆಯದಕ್ಕೇ ಓಟಿಪಿ ಕಳಿಸಿ ನೀನೇ ಹೌದಾ ಎಂದು ಕೇಳುತ್ತವೆ. ಆ ತಾಯಿ ಒಂದು ವಾಕ್ಯ ಹೇಳದಿದ್ದರೆ ನಾನು ಇವತ್ತಿಗೂ ಬ್ಯಾಂಕಿನ ಮುಂದೆ ಕೂತಿರುತ್ತಿದ್ದೆ. ಈ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹೊಸದನ್ನು ಬೇರೆ ಸಂಪರ್ಕವಾಗಿ ತೆಗೆದುಕೊಳ್ಳಿ, ಹಳೆಯದನ್ನು ಕಡಿಮೆಯೆಂದರೂ ಮೂರು ತಿಂಗಳು ಜೀವಂತವಾಗಿಡಿ. ಎರಡು ಸಿಮ್ ಹಿಡಿಯುವ ಫೋನಾದರೆ ಸುಲಭ, ಇಲ್ಲದಿದ್ದರೆ ಮೂಲೆಯಲ್ಲಿ ಬಿದ್ದಿರುವ ಹಳೆ ಫೋನಿಗೆ ಹಾಕಿ.

ಕೊನೆಯ ಅಂಕಿಗಳು ಚೆನ್ನಾಗಿವೆ ಅಂತ ಒಂದು ನಂಬರ್ ಆರಿಸಿಕೊಂಡು ಮನೆಗೆ ಬಂದೆ. ಸಂಜೆ ಸಿಮ್ ಚಾಲೂ ಆಯಿತು. ಮರುದಿನ ಹತ್ತೂವರೆಗೆ ಮೊದಲ ಸಂದೇಶ: ನಿಮ್ಮ ಮಗು ಇಂದು ತರಗತಿಗೆ ಹಾಜರಾಗಿಲ್ಲ.

ನನಗೆ ಮಕ್ಕಳಿಲ್ಲ. ಸಂದೇಶವನ್ನು ಮೂರು ಸಲ ಓದಿದೆ. ಮಗುವಿನ ಹೆಸರು, ತರಗತಿ, ರೋಲ್ ನಂಬರ್ ಎಲ್ಲ ಇತ್ತು. ಮೋಸದ ಸಂದೇಶ ಇರಬಹುದು ಎಂದು ಬಿಟ್ಟುಬಿಡಬಹುದಿತ್ತು, ಆದರೆ ಆ ಮಗು ಮನೆಯಿಂದ ಹೊರಟು ಶಾಲೆ ಸೇರದೇ ಇದ್ದರೆ? ಶಾಲೆಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಫೋನ್ ಮಾಡಿದೆ. ಟೀಚರ್ ಒಬ್ಬರು ಸಿಕ್ಕರು. "ಅದು ಅವರಪ್ಪನ ನಂಬರಲ್ವಾ?" ಅಂದರು. ಅಲ್ಲ, ನಿನ್ನೆಯಿಂದ ನನ್ನದು ಅಂದೆ. ಅವರು ತಾಯಿಗೆ ಫೋನ್ ಮಾಡಿ, ಹತ್ತು ನಿಮಿಷ ಬಿಟ್ಟು ನನಗೂ ತಿರುಗಿ ಮಾಡಿದರು. ಜ್ವರ ಅಂತ ಮನೆಯಲ್ಲೇ ಇತ್ತಂತೆ ಮಗು.

ಅದೇ ರಾತ್ರಿ ಆ ಅಪ್ಪನನ್ನು ಕೇಳಿಕೊಂಡು ಇನ್ನೊಬ್ಬರು ಫೋನ್ ಮಾಡಿದರು. ಇವರದ್ದು ಗಡಸು ದನಿ. ಕಂತು ಕಟ್ಟಿ ಎಷ್ಟು ತಿಂಗಳಾಯಿತು, ಎಲ್ಲಿ ಅಡಗಿದ್ದಾನೆ, ನೀನು ಅವನ ಹೆಂಡತಿಯಾ. ಸಾಲ ಕೊಡ್ತೀವಿ ಅನ್ನುವವರಿಂದ ತಪ್ಪಿಸಿಕೊಂಡು ಹೋಗಿ ಸಾಲ ಕಟ್ಟು ಅನ್ನುವವರ ಕೈಗೆ ಸಿಕ್ಕಿಬಿದ್ದಿದ್ದೆ.

ಹೊಸ ನಂಬರು ಅನ್ನುವುದು ಹೆಸರಿಗೆ ಮಾತ್ರ. ಅಂಕಿಗಳು ಅಕ್ಷಯವಲ್ಲ, ಒಬ್ಬರು ಬಿಟ್ಟದ್ದನ್ನು ಕೆಲ ಕಾಲ ಸುಮ್ಮನಿಟ್ಟು ಕಂಪನಿಗಳು ಇನ್ನೊಬ್ಬರಿಗೆ ಕೊಡುತ್ತವೆ. ಭಾರತದಲ್ಲಿ ಹಾಗೆ ಸುಮ್ಮನಿಡುವುದು 90 ದಿನ, ಅಮೆರಿಕದಲ್ಲಿ ಕನಿಷ್ಠ 45 ದಿನ. ಮೂರು ತಿಂಗಳಲ್ಲಿ ಮನುಷ್ಯ ನಂಬರನ್ನು ಮರೆಯಬಹುದು, ಶಾಲೆ, ಬ್ಯಾಂಕು, ಸಾಲದವರು ಮರೆಯುವುದಿಲ್ಲ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಮೆರಿಕದ ಎರಡು ದೊಡ್ಡ ಕಂಪನಿಗಳು ಹೊಸ ಗ್ರಾಹಕರಿಗೆ ಕೊಡಲು ಇಟ್ಟಿದ್ದ 259 ನಂಬರುಗಳನ್ನು ಪರೀಕ್ಷಿಸಿದರು. ಅದರಲ್ಲಿ 171 ನಂಬರುಗಳಿಗೆ ಹೆಸರಾಂತ ಜಾಲತಾಣಗಳಲ್ಲಿ ಹಳೆ ಮಾಲೀಕರ ಖಾತೆಗಳು ಇನ್ನೂ ಅಂಟಿಕೊಂಡಿದ್ದವು. ಇದನ್ನು ಓದಿದ ಮೇಲೆ ನನಗೆ ಹೊಸ ನಂಬರಿಗಿಂತ ಹಳೆಯದರ ಚಿಂತೆ ಹತ್ತಿತು. ನಾಳೆ ನನ್ನದೂ ಹೀಗೇ ಯಾರದೋ ಕೈಗೆ ಹೋಗುತ್ತದಲ್ಲ.

ಮೂರನೇ ದಿನ ಮತ್ತೆ ಅದೇ ಮಳಿಗೆ. ಶುಲ್ಕ ವಾಪಸ್ ಇಲ್ಲ, ಇನ್ನೊಮ್ಮೆ ಪೂರ್ತಿ ಕಟ್ಟಬೇಕು. ಕಟ್ಟಿದೆ. ಈ ಸಲ ಆ ಹಿರಿಯ ಹೆಂಗಸಿನ ಕೌಂಟರಿನಲ್ಲೇ ಕೂತು, ಯಾರೂ ಬಳಸಿರದ ಹೊಸ ಸರಣಿಯ ನಂಬರ್ ಇದ್ದರೆ ಕೊಡಿ ಎಂದು ಕೇಳಿದೆ. ಖಾತ್ರಿ ಹೇಳಲಾರೆ, ಆದರೆ ನೀವೇ ಪರೀಕ್ಷಿಸಿಕೊಳ್ಳಿ ಎಂದು ಆರು ನಂಬರ್ ಬರೆದುಕೊಟ್ಟರು. ಅಲ್ಲೇ ಕೂತು ಒಂದೊಂದನ್ನೂ ಗೂಗಲ್‌ನಲ್ಲಿ ಹಾಕಿ ಹುಡುಕಿದೆ, ಫೋನಿನಲ್ಲಿ ಉಳಿಸಿಕೊಂಡು ವಾಟ್ಸಾಪಿನಲ್ಲಿ ಯಾರಾದರೂ ಇದ್ದಾರಾ ನೋಡಿದೆ. ಒಂದಕ್ಕೆ ಪೈಪ್ ರಿಪೇರಿಯ ಜಾಹೀರಾತು ಸಿಕ್ಕಿತು. ಇನ್ನೊಂದರಲ್ಲಿ ಹುಟ್ಟುಹಬ್ಬದ ಟೋಪಿ ಹಾಕಿಕೊಂಡ ಕೂಸಿನ ಫೋಟೊ ಇನ್ನೂ ಹಾಗೇ ಇತ್ತು. ಎಲ್ಲೂ ಸುಳಿವಿಲ್ಲದ್ದು ಎರಡು ಉಳಿದವು. ಅದರಲ್ಲಿ ಒಂದನ್ನು ತೆಗೆದುಕೊಂಡೆ. ನೆನಪಿಡಲು ಬಹಳ ಕಷ್ಟದ ನಂಬರು, ಅದಕ್ಕೇ ಯಾರೂ ತೆಗೆದುಕೊಂಡಿರಲಿಕ್ಕಿಲ್ಲ. ಒಂದು ವಾರ ಯಾರಿಗೂ ಕೊಡದೆ ಸುಮ್ಮನಿಟ್ಟು ನೋಡಿದೆ. ಕಂಪನಿಯ ಸ್ವಾಗತ ಸಂದೇಶ ಬಿಟ್ಟರೆ ಏನೂ ಬರಲಿಲ್ಲ.

ಇನ್ನು ಸಾಗಣೆ. ಮೊದಲ ದಿನವೇ ಒಂದು ದಡ್ಡ ಕೆಲಸ ಮಾಡಿದೆ. ಹಳೆ ನಂಬರಿಗೆ ಮಾಡುವ ಗೆಳತಿಯರು ತಪ್ಪಿಹೋಗದಿರಲಿ ಅಂತ **21* ಒತ್ತಿ, ಹೊಸ ನಂಬರ್ ಬರೆದು, # ಹಾಕಿ ಕರೆಗಳನ್ನೆಲ್ಲ ಹೊಸದಕ್ಕೆ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಹೊಸ ಫೋನ್ ಹೊಡೆದುಕೊಳ್ಳತೊಡಗಿತು. ಮನೆ ಖಾಲಿ ಮಾಡಿ ಹೋಗುವವಳು ಬೇತಾಳನ ಕೈಗೂ ಹೊಸ ವಿಳಾಸ ಕೊಟ್ಟು ಹೋದ ಹಾಗೆ! ##21# ಒತ್ತಿ ರದ್ದು ಮಾಡಿದೆ. ಇನ್ನೊಂದು ವಿಷಯ, ಹೀಗೆ ತಿರುಗುವುದು ಕರೆ ಮಾತ್ರ, ಎಸ್ಸೆಮ್ಮೆಸ್ ತಿರುಗುವುದಿಲ್ಲ. ಅಂದರೆ ಬೇಡದ ಕರೆ ಬರುತ್ತದೆ, ಬೇಕಾದ ಓಟಿಪಿ ಬರುವುದಿಲ್ಲ.

ವಾಟ್ಸಾಪ್ ನಾನು ಹೆದರಿದಷ್ಟು ಕಷ್ಟ ಕೊಡಲಿಲ್ಲ. ಅಳಿಸಿ ಹೊಸದಾಗಿ ಹಾಕಿಕೊಳ್ಳಬೇಡಿ, ಗುಂಪುಗಳೆಲ್ಲ ಹೋಗುತ್ತವೆ. ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ ನಂಬರ್ ಬದಲಿಸುವ ಆಯ್ಕೆ ಇದೆ, ಹಳೆಯದು ಹೊಸದು ಎರಡನ್ನೂ ಬರೆದರೆ ಮಾತುಕತೆ, ಗುಂಪು ಎಲ್ಲ ಹಾಗೇ ಬರುತ್ತವೆ. ಯಾರಿಗೆಲ್ಲ ತಿಳಿಸಬೇಕು ಎಂದು ಅಲ್ಲೇ ಕೇಳುತ್ತದೆ. ನಾನು ಆಯ್ದವರಿಗೆ ಮಾತ್ರ ಅಂದೆ. ಆದರೂ ನಾವಿರುವ ಗುಂಪುಗಳಲ್ಲಿ ಇವರ ನಂಬರ್ ಬದಲಾಗಿದೆ ಎಂದು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಮುಂಚಿನ ದಿನ ಕೂತು, ಯಾವತ್ತೋ ಯಾರೋ ಸೇರಿಸಿದ್ದ ಇಪ್ಪತ್ತು ಮೂವತ್ತು ಗುಂಪುಗಳಿಂದ ಹೊರಬಂದೆ. ಅದೊಂದು ಬೇರೆಯೇ ಸುಖ. ಫೋನೂ ಬದಲಿಸುವವರು ಮೊದಲು ಹಳೆ ಫೋನಿನಲ್ಲೇ ನಂಬರ್ ಬದಲಿಸಿ, ಆಮೇಲೆ ಹೊಸ ಫೋನಿಗೆ ಹೋಗಿ.

ಗೂಗಲ್ ಖಾತೆಯಲ್ಲಿ ನಂಬರು ಎರಡು ಕಡೆ ಕೂತಿರುತ್ತದೆ. ಖಾತೆ ಮರಳಿ ಪಡೆಯಲು ಕೊಟ್ಟದ್ದು ಒಂದು, ಎರಡು ಹಂತದ ಪರಿಶೀಲನೆಗೆ ಕೊಟ್ಟದ್ದು ಇನ್ನೊಂದು. ನಾನು ಒಂದನ್ನು ಬದಲಿಸಿ ಮುಗಿಯಿತು ಅಂದುಕೊಂಡಿದ್ದೆ. ಬದಲಿಸಿದ ಮೇಲೂ ಒಂದು ವಾರ ಹಳೆ ನಂಬರಿಗೇ ಕೋಡ್ ಕಳಿಸುವ ಅವಕಾಶ ಅದು ಇಟ್ಟುಕೊಂಡಿರುತ್ತದೆ, ಗಾಬರಿಯಾಗಬೇಡಿ. ಆಗಲೇ ನಾನು ಎಲ್ಲ ಮುಖ್ಯ ಖಾತೆಗಳನ್ನೂ ಎಸ್ಸೆಮ್ಮೆಸ್ ಓಟಿಪಿಯಿಂದ ಬಿಡಿಸಿ, ಮೂವತ್ತು ಸೆಕೆಂಡಿಗೊಮ್ಮೆ ಆರಂಕಿ ಬದಲಾಗುವ ಅಥೆಂಟಿಕೇಟರ್ ಆ್ಯಪಿಗೆ ತಂದೆ. ಅದಕ್ಕೆ ನಂಬರಿನ ಹಂಗಿಲ್ಲ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟೆ.

ಬ್ಯಾಂಕು ಮಾತ್ರ ನನ್ನ ಎರಡು ಅರ್ಧ ದಿನದ ರಜೆ ನುಂಗಿತು. ಮೊದಲ ಸಲ ಅರ್ಜಿ ಕೊಟ್ಟಾಗ ಸಹಿ ಹೊಂದುತ್ತಿಲ್ಲ ಅಂದರು. ಖಾತೆ ತೆರೆದಾಗ ಇನ್ನೂ ಓದುತ್ತಿದ್ದೆ, ಆಗ ಹೆಸರನ್ನು ಪೂರ್ತಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಈಗಿನದು ಒಂದು ಗೀಟು, ಒಂದು ಚುಕ್ಕೆ. ಮನೆಗೆ ಬಂದು ಹಳೆ ಸಹಿಯನ್ನು ನೋಟ್‌ಬುಕ್ಕಿನ ಹಾಳೆ ತುಂಬ ಬರೆದು ಅಭ್ಯಾಸ ಮಾಡಿದೆ, ನನ್ನ ಸಹಿಯನ್ನು ನಾನೇ ನಕಲು ಮಾಡುವ ಗತಿ. ಎರಡನೇ ಸಲ ಒಪ್ಪಿದರು. ಕೌಂಟರಿನಲ್ಲಿ ಹಳೆ ನಂಬರಿಗೊಂದು, ಹೊಸದಕ್ಕೊಂದು ಓಟಿಪಿ ಬಂತು. ನನ್ನ ಬಳಿ ಎರಡೂ ಇದ್ದವು. ಪಕ್ಕದಲ್ಲಿದ್ದ ಒಬ್ಬರ ಹಳೆ ಸಿಮ್ ಆಗಲೇ ಬಂದ್ ಆಗಿತ್ತು, ಅವರು ಇನ್ನೂ ಎರಡು ಅರ್ಜಿ ತುಂಬುತ್ತಿದ್ದರು. ನಂಬರ್ ಬದಲಾದ ಮೇಲೆ ಕೆಲಕಾಲ ಹಣ ಕಳಿಸುವ ಮಿತಿ ಕಡಿಮೆ ಮಾಡಿಟ್ಟಿದ್ದರು, ಬಾಡಿಗೆ ಕಟ್ಟುವ ವಾರದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ಎಲ್ಲಿ ಯಾವ ನಂಬರ್ ಕೊಟ್ಟಿದ್ದೇನೆ ಅಂತ ಯಾರಿಗೆ ನೆನಪಿರುತ್ತದೆ? ನನಗೆ ಉಪಾಯ ಹೊಳೆಸಿದ್ದು ಹಳೆ ಫೋನಿನ ಎಸ್ಸೆಮ್ಮೆಸ್ ಪೆಟ್ಟಿಗೆ. ಅದರಲ್ಲಿ ಓಟಿಪಿ ಎಂದು ಹುಡುಕಿದರೆ ಹನ್ನೊಂದು ವರ್ಷದ ಜಾತಕ ಹೊರಬಿತ್ತು. ಬರೆಯುತ್ತಾ ಹೋದೆ, ನಲವತ್ತಮೂರು ಆಯಿತು. ಅಲ್ಲಿ ಅರ್ಧದಷ್ಟನ್ನು ಬದಲಿಸಲಿಲ್ಲ, ಖಾತೆಯನ್ನೇ ಮುಚ್ಚಿದೆ. ಹೊಸ ನಂಬರ್ ಕೊಟ್ಟದ್ದು ಹತ್ತೊಂಬತ್ತು ಕಡೆ ಮಾತ್ರ. ಬಾಕಿ ಯಾರು ಕೇಳಿದರೂ ಈಗ ಇಮೇಲ್ ಕೊಡುತ್ತೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಮ್ಮನಿಗೆ. "ನಂಗೆ ಬಾಯಲ್ಲಿ ಬರ್ತಿದ್ದಿದ್ದು ಅದೊಂದೇ ನಂಬರ್ ಕಣೇ" ಅಂದರು. ಫೋನಿನಲ್ಲಿ ಉಳಿಸಿಕೊಟ್ಟರೂ ಅವರಿಗೆ ಸಮಾಧಾನವಿಲ್ಲ, ಫೋನೇ ಕಳೆದುಹೋದರೆ ಅನ್ನುವ ಚಿಂತೆ. ಒಂದು ತಿಂಗಳು ದಿನಾ ರಾತ್ರಿ ಹೊಸ ನಂಬರನ್ನು ಮಗ್ಗಿಯ ಹಾಗೆ ನನಗೆ ಒಪ್ಪಿಸಿದರು. ಮಧ್ಯದ ಎರಡು ಅಂಕಿ ಈಗಲೂ ಅದಲು ಬದಲಾಗುತ್ತವೆ.

ಖರ್ಚು ಅಂತ ಲೆಕ್ಕ ಹಾಕಿದರೆ ಎರಡು ಸಂಪರ್ಕದ ಶುಲ್ಕ, ನಾಲ್ಕು ತಿಂಗಳು ಎರಡೂ ನಂಬರಿನ ರೀಚಾರ್ಜು, ಒಂದು ದಿನದ ರಜೆ. ಹೊಸ ನಂಬರಿಗೆ ಈವರೆಗೆ ಬಂದಿರುವ ಬೇಡದ ಕರೆ ಎರಡು, ಎರಡನ್ನೂ ಎತ್ತಲಿಲ್ಲ.

ಹಳೆ ಸಿಮ್ಮನ್ನು ಈ ತಿಂಗಳ ಕೊನೆಗೆ ಬಿಡುವುದೆಂದಿದ್ದೆ. ಬಿಡುವ ಮುಂಚೆ ಒಂದು ಸಲ ನೋಡೋಣ ಅಂತ ನಿನ್ನೆ ಹಳೆ ಫೋನ್ ಚಾಲೂ ಮಾಡಿದೆ. ಮೂವತ್ತೊಂದು ತಪ್ಪಿದ ಕರೆ, ಸಾಲದ ಜಾಹೀರಾತು ಎಂಟು. ಅವುಗಳ ನಡುವೆ, ಅಪ್ಪನ ಹೆಸರಿನಲ್ಲಿದ್ದ ಠೇವಣಿಯ ಅವಧಿ ಮುಂದಿನ ವಾರ ಮುಗಿಯುತ್ತದೆ ಎಂದು ಒಂದು ಸಂದೇಶ. ಆ ಖಾತೆಗೆ ನನ್ನ ನಂಬರ್ ಕೊಟ್ಟಿದ್ದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಪಟ್ಟಿಯಲ್ಲಿ ನಲವತ್ತನಾಲ್ಕನೆಯದು ಎಂದು ಬರೆದುಕೊಂಡು, ಹಳೆ ನಂಬರಿಗೆ ಇನ್ನೂ ಒಂದು ತಿಂಗಳು ರೀಚಾರ್ಜ್ ಹಾಕಿಸಿದೆ.